ಹದಿನೇಳು ಫಂಡು, ಒಂದು ರಿಟೈರ್‌ಮೆಂಟು

ರಿಟೈರ್ ಆಗಲು ಎರಡು-ಮೂರು ವರ್ಷ ಉಳಿದವರು ತಮ್ಮ ಮ್ಯೂಚುವಲ್ ಫಂಡುಗಳ ಪಟ್ಟಿ ಹಿಡಿದು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ: "ಸರ್, ಇದರಲ್ಲಿ ಯಾವ ಫಂಡ್ ಇಟ್ಕೊಳ್ಳಲಿ, ಯಾವುದು ತೆಗೀಲಿ?" ನಾನು ಮೊದಲು ಬೇರೆ ಲೆಕ್ಕ ಕೇಳುತ್ತೇನೆ. ಮನೆಗೆ ತಿಂಗಳಿಗೆ ಎಷ್ಟು ಬೇಕು? ಅದರಲ್ಲಿ ಪೆನ್ಷನ್, ಬಾಡಿಗೆ ಅಂತ ಎಷ್ಟು ಬರುತ್ತದೆ? ಇದು ಗೊತ್ತಿಲ್ಲದೆ ಫಂಡಿನ ಮಾತು ಶುರು ಮಾಡಿದರೆ ಸುಮ್ನೆ ಕಾಲಹರಣ.

ತುಮಕೂರಿನ ಕಡೆಯ ಒಂದು ದಂಪತಿ. ಯಜಮಾನರು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್, 58ಕ್ಕೆ ನಿವೃತ್ತಿ. ಪ್ಯಾನ್ ನಂಬರ್ ಮತ್ತು ಇಮೇಲ್ ಕೊಟ್ಟರೆ ಫಂಡುಗಳ ದಾಖಲೆ ಇಡುವ ಕ್ಯಾಮ್ಸ್, ಕೆಫಿನ್‌ಟೆಕ್ ಎರಡೂ ಕಡೆಯ ಫಂಡುಗಳು ಒಟ್ಟಿಗೆ ಸೇರಿದ ಸ್ಟೇಟ್‌ಮೆಂಟ್ ಬರುತ್ತದೆ. ಅದನ್ನು ತರಿಸಿದೆವು. ಹದಿನೇಳು ಫಂಡು! ಅದರಲ್ಲಿ ಐದು ಇಎಲ್‌ಎಸ್‌ಎಸ್, ಅಂದರೆ ಮೂರು ವರ್ಷ ತೆಗೆಯಲಾಗದ, ತೆರಿಗೆ ಉಳಿಸುವ ಷೇರು ಫಂಡು. ಪ್ರತಿ ಮಾರ್ಚ್‌ನಲ್ಲಿ 80ಸಿ ಕಲಮಿನಲ್ಲಿ ತೆರಿಗೆ ಉಳಿಸುವ ಗಡಿಬಿಡಿಯಲ್ಲಿ, ಆ ವರ್ಷ ಯಾರು ಯಾವುದು ಹೇಳಿದರೋ ಅದು. ಮೂರು ಎನ್‌ಎಫ್‌ಒ, ಅಂದರೆ ಹೊಸದಾಗಿ ಬಿಡುಗಡೆಯಾದ ಫಂಡು, "ಹತ್ತೇ ರೂಪಾಯಿಗೆ ಸಿಗುತ್ತೆ" ಅಂತ ತಗೊಂಡದ್ದು. ದೊಡ್ಡ ಕಂಪನಿಗಳ ಲಾರ್ಜ್ ಕ್ಯಾಪ್ ನಾಲ್ಕು, ಎಲ್ಲ ಗಾತ್ರದ ಕಂಪನಿಗಳ ಫ್ಲೆಕ್ಸಿ ಕ್ಯಾಪ್ ಎರಡು, ಸಣ್ಣ ಕಂಪನಿಗಳ ಸ್ಮಾಲ್ ಕ್ಯಾಪ್ ಎರಡು, ಮತ್ತೊಂದು ಹಳೆಯ ಸಾಲಪತ್ರದ ಫಂಡು.

ನಾಲ್ಕು ಲಾರ್ಜ್ ಕ್ಯಾಪ್ ಇದ್ದರೆ ನಾಲ್ಕು ಕಡೆ ಹಂಚಿದ ಹಾಗೆ ಅಂತ ಅವರ ನಂಬಿಕೆ. ಷೇರುಪೇಟೆಯ ನಿಯಂತ್ರಕ ಸೆಬಿ 2017ರ ಅಕ್ಟೋಬರ್‌ನಲ್ಲಿ ಮಾಡಿದ ನಿಯಮದ ಪ್ರಕಾರ ಲಾರ್ಜ್ ಕ್ಯಾಪ್ ಫಂಡು ಕನಿಷ್ಠ 80% ಹಣವನ್ನು ಮೊದಲ ನೂರು ದೊಡ್ಡ ಕಂಪನಿಗಳಲ್ಲೇ ಹಾಕಬೇಕು. ಯಾರೇ ಮ್ಯಾನೇಜರ್ ಆದರೂ ಆ ನೂರರಲ್ಲೇ ಆರಿಸಬೇಕಲ್ವಾ? ಇವರ ನಾಲ್ಕೂ ಫಂಡುಗಳ ಪಟ್ಟಿ ತೆಗೆದು ನೋಡಿದರೆ ಮೇಲಿನ ಸಾಲಿನಲ್ಲಿ ಅದೇ ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ರಿಲಯನ್ಸ್. ಇಎಲ್‌ಎಸ್‌ಎಸ್‌ಗಳಲ್ಲೂ ಹೆಚ್ಚುಕಮ್ಮಿ ಅದೇ ಹೆಸರು.

ಹಾಗಂತ ಒಂದೇ ದಿನ ಹತ್ತು-ಹನ್ನೆರಡು ಮಾರಿಬಿಡುವುದು ಇನ್ನೂ ದುಬಾರಿ.

ಮೊದಲು ಖರ್ಚಿನ ಲೆಕ್ಕ. ಮನೆಗೆ 55 ಸಾವಿರ ಬೇಕು, ಬಾಡಿಗೆ ಮತ್ತು ಪೆನ್ಷನ್ ಸೇರಿ 20 ಸಾವಿರ ಬರುತ್ತದೆ. ಕೊರತೆ 35 ಸಾವಿರ, ವರ್ಷಕ್ಕೆ 4.2 ಲಕ್ಷ, ಐದು ವರ್ಷಕ್ಕೆ 21 ಲಕ್ಷ. ಬೆಲೆ ಏರಿಕೆಗೆ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ಇಷ್ಟು ದುಡ್ಡು ಷೇರಿನ ಹೊರಗಿರಬೇಕು ಅನ್ನುವುದು ನನ್ನ ಹಟ. ಐದು ವರ್ಷ ಯಾಕೆ? 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9 ಸಾವಿರದ ಕೆಳಗಿತ್ತು. ಮತ್ತೆ 21 ಸಾವಿರ ಕಂಡದ್ದು 2010ರ ನವೆಂಬರ್‌ನಲ್ಲಿ. ಅಲ್ಲೂ ನಿಲ್ಲಲಿಲ್ಲ, ಮತ್ತೊಮ್ಮೆ ಅಲ್ಲಿಗೆ ಬರಲು 2013 ಮುಗಿಯುತ್ತಾ ಬಂದಿತ್ತು. ಸಂಬಳ ಬರುತ್ತಿದ್ದವರಿಗೆ ಅದು ಯೂನಿಟ್, ಅಂದರೆ ಫಂಡಿನ ಪಾಲು, ಅಗ್ಗಕ್ಕೆ ಸಿಕ್ಕ ಕಾಲ. 2008ರಲ್ಲೇ ರಿಟೈರ್ ಆಗಿ ತಿಂಗಳು ತಿಂಗಳು ಯೂನಿಟ್ ಮಾರಿ ತಿಂದವರಿಗೆ ಆ ಯೂನಿಟ್‌ಗಳು ವಾಪಸ್ ಬರಲಿಲ್ಲ.

ಈ ದಂಪತಿಗೆ ಒಂದು ಅನುಕೂಲವಿತ್ತು. ಪಿಎಫ್ ಮತ್ತು ಗ್ರಾಚ್ಯುಟಿ ಹಣದಲ್ಲೇ ಆ 21 ಲಕ್ಷ ಹೊರಟಿತು. ಒಂದು ಭಾಗ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು, ಉಳಿದದ್ದು ಎಫ್‌ಡಿ ಮತ್ತು ಬೇಕೆಂದಾಗ ಬೇಗ ತೆಗೆಯಬಹುದಾದ ಲಿಕ್ವಿಡ್ ಫಂಡಿಗೆ. ಆ ಯೋಜನೆಗೆ 60 ತುಂಬಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 55 ದಾಟಿ ನಿವೃತ್ತರಾದವರೂ ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ ಆ ಹಣವನ್ನು ಅಲ್ಲಿ ಇಡಬಹುದು. ಮಿತಿ 30 ಲಕ್ಷ.

ಇಷ್ಟಾದ ಮೇಲೆ ಷೇರು ಫಂಡುಗಳನ್ನು ಅವಸರದಲ್ಲಿ ಮುಟ್ಟುವ ಅಗತ್ಯವೇ ಉಳಿಯಲಿಲ್ಲ. ನಿಧಾನಕ್ಕೆ ಕಡಿಮೆ ಮಾಡಬಹುದು, ಮತ್ತು ನಿಧಾನಕ್ಕೆ ಮಾಡಿದರೆ ತೆರಿಗೆಯೂ ಕಡಿಮೆ.

ವರ್ಷಕ್ಕಿಂತ ಹೆಚ್ಚು ಇಟ್ಟ ಷೇರು ಫಂಡು ಮಾರಿದರೆ, 2024ರ ಜುಲೈ 23ರಿಂದ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ. ಅದರ ಮೇಲಿನದಕ್ಕೆ 12.5%. ಒಂದೇ ಸಲ ಹಾಕಿದ 3.5 ಲಕ್ಷ ಈಗ 6 ಲಕ್ಷ ಆಗಿದೆ ಅನ್ನಿ. ಲಾಭ 2.5 ಲಕ್ಷ. ಬೇರೆ ಯಾವುದನ್ನೂ ಮಾರದೆ ಇದೊಂದನ್ನೇ ಪೂರ್ತಿ ಮಾರಿದರೆ, ಸೆಸ್ ಸೇರಿ 16,250 ರೂಪಾಯಿ ತೆರಿಗೆ. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿದರೆ ಸೊನ್ನೆ, ಅಷ್ಟರಲ್ಲಿ ಬೆಲೆ ಹೆಚ್ಚು ಏರದಿದ್ದರೆ. ತಿಂಗಳು ತಿಂಗಳು ಕಂತಿನಲ್ಲಿ ಹಾಕಿದ ಎಸ್‌ಐಪಿ ಆಗಿದ್ದರೆ ಈ ಅರ್ಧರ್ಧದ ಲೆಕ್ಕ ನಡೆಯಲ್ಲ. ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಗುತ್ತದೆ, ಹಳೆಯದರಲ್ಲಿ ಲಾಭ ಜಾಸ್ತಿ ಇರುತ್ತದೆ. ಹಾಗಾಗಿ ಮಾರುವ ಮುಂಚೆ ಲಾಭದ ಸ್ಟೇಟ್‌ಮೆಂಟ್ ತರಿಸಿ. 2018ರ ಜನವರಿ 31ಕ್ಕಿಂತ ಹಿಂದೆ ಕೊಂಡ ಯೂನಿಟ್‌ಗಳಿದ್ದರೆ ಇನ್ನೂ ಒಳ್ಳೆಯದು. ಆ ದಿನದವರೆಗಿನ ಲಾಭ ತೆರಿಗೆಯ ಲೆಕ್ಕಕ್ಕೆ ಬರಲ್ಲ.

"ಸರ್, ಸ್ವಿಚ್ ಮಾಡಿದ್ರೆ ದುಡ್ಡು ನಮ್ಮ ಅಕೌಂಟಿಗೇ ಬರಲ್ವಲ್ಲ, ಅದಕ್ಕೂ ಟ್ಯಾಕ್ಸಾ?" ಅಂತ ಮನೆಯವರು ಕೇಳಿದರು. ಹೌದಮ್ಮ, ಅದಕ್ಕೂ. ಒಂದೇ ಕಂಪನಿಯ ಒಂದು ಫಂಡಿನಿಂದ ಇನ್ನೊಂದಕ್ಕೆ ಹೋದರೂ ಅದು ಮಾರಾಟವೇ. ಏಜೆಂಟರ ಕಮಿಷನ್ ಇರುವ ರೆಗ್ಯುಲರ್ ಪ್ಲಾನ್‌ನಿಂದ ಕಮಿಷನ್ ಇಲ್ಲದ ಡೈರೆಕ್ಟ್‌ಗೆ ಬದಲಾಯಿಸಿದರೂ ಅಷ್ಟೇ. ತೆರಿಗೆ ಬೀಳದಿರುವುದು ಒಂದೇ ಕಂಪನಿಯಲ್ಲಿ ಒಬ್ಬರದೇ ಹೆಸರಲ್ಲಿರುವ ಎರಡು-ಮೂರು ಫೋಲಿಯೊಗಳನ್ನು, ಅಂದರೆ ಫಂಡಿನ ಖಾತೆಗಳನ್ನು, ಸೇರಿಸಿ ಒಂದು ಮಾಡಿದಾಗ. ಅದನ್ನು ಮೊದಲ ವಾರವೇ ಮಾಡಿಸಿದೆವು. ಆಗಲೇ ಹಳೆಯ ಒಂದು ಫೋಲಿಯೊದಲ್ಲಿ ನಾಮಿನಿಯ ಜಾಗ ಖಾಲಿ ಇರುವುದೂ ಗೊತ್ತಾಯಿತು.

ಯಾವುದು ಮೊದಲು ಹೋಗಬೇಕು? ನನ್ನ ಕ್ರಮ ಇದು: ನಷ್ಟದಲ್ಲಿರುವುದು, ಅಥವಾ ಲಾಭವೇ ಕಾಣದ್ದು ಮೊದಲು. ಎನ್‌ಎಫ್‌ಒಗಳಲ್ಲಿ ಎರಡು ಹೀಗೇ ಹೋದವು. ಅವುಗಳ ನಷ್ಟವನ್ನು ಬೇರೆ ಫಂಡಿನ ಲಾಭಕ್ಕೆ ವಜಾ ಮಾಡಿಕೊಂಡೆವು. ಆಮೇಲೆ ಲಾಕ್-ಇನ್ ಮುಗಿದ ಇಎಲ್‌ಎಸ್‌ಎಸ್. ಮೂರು ವರ್ಷ ಅನ್ನುವುದು ಪ್ರತಿ ಕಂತಿಗೂ ಬೇರೆ ಬೇರೆ, ಆದ್ದರಿಂದ ಕೊನೆಯ ಕಂತು ಬಿಡುಗಡೆಯಾಗುವ ತನಕ ಒಂದೆರಡು ಉಳಿದೇ ಉಳಿಯುತ್ತವೆ. ಲಾರ್ಜ್ ಕ್ಯಾಪ್ ನಾಲ್ಕರ ಬದಲು ಕೊನೆಗೆ ಸೂಚ್ಯಂಕದ ಕಂಪನಿಗಳಲ್ಲೇ ಹಣ ಹಾಕುವ ಒಂದು ಇಂಡೆಕ್ಸ್ ಫಂಡು ಸಾಕು. ಎರಡು ಸ್ಮಾಲ್ ಕ್ಯಾಪ್‌ಗಳಲ್ಲಿ ಒಂದನ್ನು ಯಜಮಾನರು ಬಿಡಲೇ ಇಲ್ಲ, ಅದು ಅವರ ಹೆಮ್ಮೆಯ ಆಯ್ಕೆ. ಒಟ್ಟು ಹಣದಲ್ಲಿ ಅದರ ಪಾಲು ಸಣ್ಣದು, ನಾನೂ ಒತ್ತಾಯ ಮಾಡಲಿಲ್ಲ.

ವರ್ಷದ ಪಾಲನ್ನು ಮಾರ್ಚ್‌ನಲ್ಲಿ ಮಾರುವವರು ಕೊನೆಯ ದಿನಕ್ಕೆ ಕಾಯಬೇಡಿ. ಷೇರು ಫಂಡಿನ ಅರ್ಜಿ ಮಧ್ಯಾಹ್ನ 3 ಗಂಟೆ ದಾಟಿದರೆ ಮುಂದಿನ ಕೆಲಸದ ದಿನದ ಎನ್‌ಎವಿ, ಅಂದರೆ ಯೂನಿಟ್ ಬೆಲೆ, ಸಿಗುತ್ತದೆ. ಮಾರ್ಚ್ 31ರ ಸಂಜೆ ಮೊಬೈಲಿನಲ್ಲಿ ಬಟನ್ ಒತ್ತಿದರೆ ಆ ಮಾರಾಟ ಹೊಸ ವರ್ಷದ ಲೆಕ್ಕಕ್ಕೆ ಸೇರುತ್ತದೆ.