ಪ್ರಾಥಮಿಕ ಶಾಲೆಗೆ ಸಂಖ್ಯಾಶಾಸ್ತ್ರ ಬಂದ ದಾರಿ

ಆರೇಳು ವರ್ಷದ ಮಗುವಿನ ಮುಂದೆ ಒಂದು ಸ್ತಂಭಾಲೇಖ ಇದೆ ಅಂದುಕೊಳ್ಳಿ. ನಾಯಿ ಇಷ್ಟ ಎಂದವರು ಒಂಬತ್ತು ಮಂದಿ, ಬೆಕ್ಕು ಇಷ್ಟ ಎಂದವರು ಐದು. ‘ನಾಯಿಗೆ ಎಷ್ಟು ಜಾಸ್ತಿ?’ ಎಂದರೆ ಮಗು ‘ನಾಲ್ಕು’ ಎನ್ನುತ್ತದೆ. ಉತ್ತರ ಸರಿ. ಆದರೆ ಮಗು ಮಾಡಿದ್ದು ಕಳೆಯುವ ಲೆಕ್ಕ, ಅಲ್ವಾ? ಯಾರನ್ನು ಕೇಳಿದರು, ಪಕ್ಕದ ತರಗತಿಯಲ್ಲಿ ಕೇಳಿದ್ದರೂ ಹೀಗೇ ಬರುತ್ತಿತ್ತೇ, ಎರಡೂ ಇಷ್ಟ ಎಂದವರನ್ನು ಎಲ್ಲಿ ಸೇರಿಸಿದರು ಎಂಬ ಪ್ರಶ್ನೆಗಳು ಎದ್ದಾಗಲೇ ಸಂಖ್ಯಾಶಾಸ್ತ್ರ ಶುರುವಾಗುವುದು. ಇಂದು ಎಷ್ಟೋ ದೇಶಗಳ ಪ್ರಾಥಮಿಕ ಗಣಿತದಲ್ಲಿ ದತ್ತಾಂಶದ ಪಾಠವಿದೆ. ಕೆಲವು ಕಡೆ ಅದು ನಕ್ಷೆ ಓದುವ ಪಾಠ, ಕೆಲವು ಕಡೆ ಪ್ರಶ್ನೆ ಕೇಳುವ ಪಾಠ. ಎಷ್ಟನೇ ತರಗತಿಯಲ್ಲಿ ಶುರು ಮಾಡುತ್ತಾರೆ ಎನ್ನುವುದಕ್ಕಿಂತ ಈ ವ್ಯತ್ಯಾಸವೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಬಹಳ ಕಾಲ ಈ ವಿಷಯ ಚಿಕ್ಕ ಮಕ್ಕಳಿಗಲ್ಲ ಎಂದೇ ಜನ ನಂಬಿದ್ದರು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1951ರಲ್ಲಿ ಬಾರ್ಬೆಲ್ ಇನ್‌ಹೆಲ್ಡರ್ ಜೊತೆ ಸೇರಿ, ಆಕಸ್ಮಿಕದ ಕಲ್ಪನೆ ಮಕ್ಕಳಲ್ಲಿ ಹೇಗೆ ಬೆಳೆಯುತ್ತದೆ ಎಂಬ ಅಧ್ಯಯನ ಪ್ರಕಟಿಸಿದರು. ಸಂಭವನೀಯತೆಯ ಪೂರ್ತಿ ತಿಳಿವಳಿಕೆ ಹನ್ನೊಂದು ಹನ್ನೆರಡು ವರ್ಷದ ಹೊತ್ತಿಗೆ ಬರುತ್ತದೆ ಎಂಬುದು ಅವರ ವಾದ. ಹಾಗಾದರೆ ಅಲ್ಲಿವರೆಗೆ ಕಾಯೋಣ ಎನ್ನಲು ಇದೊಂದು ಆಧಾರವಾಯಿತು. 1975ರಲ್ಲಿ ಗಣಿತ ಕಲಿಕೆಯ ಸಂಶೋಧಕ ಎಫ್ರಾಯಿಮ್ ಫಿಶ್‌ಬೈನ್ ಬೇರೆ ಮಾತು ಹೇಳಿದರು. ಚಿಕ್ಕ ಮಕ್ಕಳಲ್ಲೂ ಇದರ ಒಳಅರಿವು ಇರುತ್ತದೆ, ಶಾಲೆ ಅದನ್ನು ಬೆಳೆಸದಿದ್ದರೆ ಅದು ತಪ್ಪು ದಾರಿ ಹಿಡಿಯಬಹುದು ಎಂದರು.

ಹಂಗೇರಿ ಅಷ್ಟು ಹೊತ್ತಿಗೆ ಕೆಲಸ ಶುರು ಮಾಡಿ ಆಗಿತ್ತು. ಅಲ್ಲಿನ ಗಣಿತ ಶಿಕ್ಷಣತಜ್ಞ ತಮಾಶ್ ವರ್ಗಾ 1960ರ ದಶಕದಿಂದ ಶಾಲೆಗಳಲ್ಲಿ ಪ್ರಯೋಗ ನಡೆಸಿದ್ದರು. ಮಕ್ಕಳು ದಾಳ ಉರುಳಿಸಬೇಕು, ಮೊದಲೇ ಊಹಿಸಬೇಕು, ಬಂದದ್ದನ್ನು ಊಹೆಯ ಜೊತೆ ಹೋಲಿಸಬೇಕು. 1978ರ ಪಠ್ಯಕ್ರಮದಲ್ಲಿ ಈ ಬಗೆಯ ಕಲಿಕೆಗೆ ಕೆಳಗಿನ ತರಗತಿಗಳಲ್ಲೇ ಜಾಗ ಸಿಕ್ಕಿತು. ವ್ಯಾಖ್ಯೆ ಬಾಯಿಪಾಠ ಮಾಡಿಸುವ ಗೋಜಿಗೇ ಹೋಗದ ಈ ದಾರಿ ಇವತ್ತಿಗೂ ಹೊಸದಾಗಿಯೇ ಕಾಣುತ್ತದೆ.

ದೊಡ್ಡ ಅಲೆ ಎದ್ದದ್ದು 1980ರ ದಶಕದಲ್ಲಿ. ಸಂಖ್ಯಾಶಾಸ್ತ್ರ ಬೋಧನೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1982ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆಯಿತು. 1989ರಲ್ಲಿ ಎರಡು ದೇಶಗಳು ಒಟ್ಟಿಗೆ ಹೆಜ್ಜೆ ಇಟ್ಟವು. ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ ಹೊರತಂದ ಮಾನದಂಡಗಳಲ್ಲಿ ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆ ಶಿಶುವಿಹಾರದಿಂದಲೇ ಸೇರಿತು. ಇಂಗ್ಲೆಂಡಿನ ಮೊದಲ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಗಣಿತಕ್ಕೆ 14 ಗುರಿಗಳಿದ್ದವು. ಅದರಲ್ಲಿ ಕೊನೆಯ ಮೂರು ದತ್ತಾಂಶ ಸಂಗ್ರಹ, ಅದರ ನಿರೂಪಣೆ ಮತ್ತು ಸಂಭವನೀಯತೆಗೆ ಮೀಸಲು.

ಆಮೇಲೆ ಇವೆರಡೂ ಹಿಂದೆ ಸರಿದವು. ಅಮೆರಿಕದ ಹಲವು ರಾಜ್ಯಗಳು ಒಪ್ಪಿಕೊಂಡ 2010ರ ಕಾಮನ್ ಕೋರ್ ಮಾನದಂಡಗಳಲ್ಲಿ ಐದನೇ ತರಗತಿವರೆಗೆ ‘ಅಳತೆ ಮತ್ತು ದತ್ತಾಂಶ’ ಎಂಬ ಭಾಗ ಮಾತ್ರ ಇದೆ. ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ) ಬರುವುದು ಆರನೇ ತರಗತಿಯಲ್ಲಿ, ಸಂಭವನೀಯತೆ ಏಳನೆಯದರಲ್ಲಿ. ನಾಲ್ಕು, ಐದನೇ ತರಗತಿಯ ಮಕ್ಕಳು ಅಳತೆಗಳನ್ನು ಸಂಖ್ಯಾರೇಖೆಯ ಮೇಲೆ ಗುರುತಿಸುತ್ತಾರೆ ನಿಜ. ಆದರೆ ಅಲ್ಲಿ ಮುಖ್ಯ ಕೆಲಸ ಭಿನ್ನರಾಶಿಯ ಅಭ್ಯಾಸ. ಇಂಗ್ಲೆಂಡಿನಲ್ಲಿ 2014ರಿಂದ ಜಾರಿಯಾದ ಪಠ್ಯಕ್ರಮ ಪ್ರಾಥಮಿಕ ಹಂತದಿಂದ ಸಂಭವನೀಯತೆಯನ್ನು ತೆಗೆದುಹಾಕಿತು. ಸಂಖ್ಯಾಶಾಸ್ತ್ರದ ಹೆಸರು ಉಳಿಯಿತು. ಎರಡನೇ ವರ್ಷದಲ್ಲಿ ಚಿತ್ರಾಲೇಖ, ಮೂರನೆಯದರಲ್ಲಿ ಸ್ತಂಭಾಲೇಖ, ಆರನೆಯದರಲ್ಲಿ ಪೈ ನಕ್ಷೆ ಮತ್ತು ಸರಾಸರಿ. ಜೊತೆಗೆ ‘ಎಷ್ಟು ಜಾಸ್ತಿ, ಎಷ್ಟು ಕಡಿಮೆ’ ಎಂಬ ಪ್ರಶ್ನೆಗಳು. ಮಗು ತಾನೇ ಪ್ರಶ್ನೆ ಹುಡುಕಿ, ಮಾಹಿತಿ ಸೇರಿಸಿ, ಅನುಮಾನ ಪಡಲು ಇಲ್ಲಿ ಜಾಗ ತೀರಾ ಕಡಿಮೆ. ಸಂಖ್ಯೆ ಮತ್ತು ಲೆಕ್ಕದಲ್ಲಿ ಮೊದಲು ಗಟ್ಟಿಯಾಗಲಿ ಎಂಬುದು ಈ ಬದಲಾವಣೆಗಳ ಹಿಂದಿನ ಯೋಚನೆ. ಆ ಕಾಳಜಿ ಸುಳ್ಳಲ್ಲ. ಆದರೆ ಕಳೆದುಕೊಂಡದ್ದೂ ಸಣ್ಣದಲ್ಲ.

ನ್ಯೂಜಿಲೆಂಡ್ ಇನ್ನೊಂದು ದಿಕ್ಕು ಹಿಡಿಯಿತು. ಆಕ್ಲೆಂಡ್ ವಿಶ್ವವಿದ್ಯಾಲಯದ ಕ್ರಿಸ್ ವೈಲ್ಡ್ ಮತ್ತು ಮ್ಯಾಕ್ಸಿನ್ ಫಾನ್‌ಕುಚ್ 1999ರಲ್ಲಿ, ಸಂಖ್ಯಾಶಾಸ್ತ್ರಜ್ಞರು ಹೇಗೆ ಯೋಚಿಸುತ್ತಾರೆ ಎಂಬ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿದ್ದ ಐದು ಹಂತಗಳ ಚಕ್ರ ಜಗತ್ತಿನ ಹಲವು ತರಗತಿಗಳಿಗೆ ಹೋಯಿತು: ಸಮಸ್ಯೆ, ಯೋಜನೆ, ದತ್ತಾಂಶ, ವಿಶ್ಲೇಷಣೆ, ತೀರ್ಮಾನ. 2007ರ ಪಠ್ಯಕ್ರಮದಲ್ಲಿ ನ್ಯೂಜಿಲೆಂಡ್ ವಿಷಯದ ಹೆಸರನ್ನೇ ‘ಗಣಿತ ಮತ್ತು ಸಂಖ್ಯಾಶಾಸ್ತ್ರ’ ಎಂದು ಬದಲಿಸಿತು. ಮೊದಲ ಹಂತದ ಮಗುವೂ ಪ್ರಶ್ನೆ ಕೇಳಿ, ಮಾಹಿತಿ ವಿಂಗಡಿಸಿ, ಎಣಿಸಿ, ಬಂದದ್ದರ ಬಗ್ಗೆ ಮಾತಾಡಬೇಕು ಎಂದು ಅದರಲ್ಲಿ ಬರೆದಿತ್ತು. ಶಾಲಾ ಮಕ್ಕಳು ತಮ್ಮ ಬಗ್ಗೆ ತಾವೇ ಹೆಸರಿಲ್ಲದೆ ಮಾಹಿತಿ ತುಂಬುವ ‘ಸೆನ್ಸಸ್ ಅಟ್ ಸ್ಕೂಲ್’ ಯೋಜನೆ 2000ದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ್ದು. ನ್ಯೂಜಿಲೆಂಡ್ ಅದನ್ನು ಚೆನ್ನಾಗಿ ಬೆಳೆಸಿತು. ಮಕ್ಕಳ ಕೈಗೆ ಸಿಗುವುದು ಪುಸ್ತಕಕ್ಕಾಗಿ ನೀಟಾಗಿ ಜೋಡಿಸಿದ ಅಂಕಿಯಲ್ಲ, ಯಾರೋ ಎತ್ತರವನ್ನು ತಪ್ಪಾಗಿ ಬರೆದಿರಬಹುದಾದ ನಿಜವಾದ ಅಂಕಿ. ಆ ತಪ್ಪು ಪತ್ತೆ ಹಚ್ಚುವುದೂ ಪಾಠವೇ.

ಜಪಾನಿನ ಕಥೆ ಹೆಚ್ಚು ಏರಿಳಿತದ್ದು. 1998ರ ಪರಿಷ್ಕರಣೆಯಲ್ಲಿ ಪಠ್ಯದ ಹೊರೆ ಕಡಿಮೆ ಮಾಡಲು ಹೊರಟಾಗ ಕಿರಿಯ ಪ್ರೌಢಶಾಲೆಯ ಸಂಖ್ಯಾಶಾಸ್ತ್ರಕ್ಕೆ ಕತ್ತರಿ ಬಿತ್ತು. 2008ರಲ್ಲಿ ಅದು ಮರಳಿತು. 2017ರಲ್ಲಿ ಪ್ರಕಟವಾಗಿ 2020ರಲ್ಲಿ ಜಾರಿಗೆ ಬಂದ ಪಠ್ಯಕ್ರಮ ಪ್ರಾಥಮಿಕದ ಆರೂ ತರಗತಿಗೆ ‘ದತ್ತಾಂಶದ ಬಳಕೆ’ ಎಂಬ ಪ್ರತ್ಯೇಕ ವಿಭಾಗ ಮಾಡಿತು. ಮೇಲಿನ ತರಗತಿಯಲ್ಲಿದ್ದ ಮಧ್ಯಾಂಕ, ಬಹುಲಕ (ಅತಿ ಹೆಚ್ಚು ಸಲ ಬರುವ ಬೆಲೆ) ಆರನೇ ತರಗತಿಗೆ ಇಳಿದವು. ವೈಲ್ಡ್, ಫಾನ್‌ಕುಚ್ ಅವರ ಲೇಖನದಲ್ಲಿದ್ದ ಐದು ಹಂತಗಳ ಚಕ್ರವೂ ಬಂತು. ಚೀನಾ 2001ರಲ್ಲೇ ‘ಸಂಖ್ಯಾಶಾಸ್ತ್ರ ಮತ್ತು ಸಂಭವನೀಯತೆ’ಯನ್ನು ಗಣಿತದ ನಾಲ್ಕು ಕ್ಷೇತ್ರಗಳಲ್ಲಿ ಒಂದಾಗಿಸಿತ್ತು. ಜರ್ಮನಿಯ 2004ರ ಪ್ರಾಥಮಿಕ ಮಾನದಂಡಗಳಲ್ಲೂ ಅದಕ್ಕೆ ಸ್ವಂತ ಜಾಗವಿದೆ.

ಸರಾಸರಿಯನ್ನೇ ನೋಡಿ, ಎರಡು ದಾರಿಗಳ ಅಂತರ ಗೊತ್ತಾಗುತ್ತದೆ. ಕೂಡಿ ಭಾಗಿಸು ಎಂದು ಹೇಳಿಕೊಟ್ಟರೆ ಮಗು ಹತ್ತೇ ನಿಮಿಷದಲ್ಲಿ ಮಾಡಿ ತೋರಿಸುತ್ತದೆ. ಜಾನ್ ಮೋಕ್ರೋಸ್ ಮತ್ತು ಸೂಸನ್ ಜೋ ರಸೆಲ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ನಾಲ್ಕು, ಆರು, ಎಂಟನೇ ತರಗತಿಯ ಮಕ್ಕಳನ್ನು ಬೇರೆ ಥರ ಕೇಳಿತು. ಸರಾಸರಿ ಇಷ್ಟು ಬರಬೇಕಾದರೆ ಬಿಡಿ ಅಂಕಿಗಳು ಹೇಗಿರಬಹುದು, ನೀನೇ ಹೇಳು ಎಂದಿತು. ಸೂತ್ರವನ್ನಷ್ಟೇ ನಂಬಿದ್ದ ಮಕ್ಕಳು ಇಲ್ಲಿ ತಡಬಡಾಯಿಸಿದರು. ಅಂಕಿಗಳ ಗುಂಪನ್ನು ಪ್ರತಿನಿಧಿಸುವ ಒಂದು ಬೆಲೆ ಎಂದು ಸರಾಸರಿಯನ್ನು ಅವರು ನೋಡಿರಲಿಲ್ಲ.

ಇನ್ನು ಪರೀಕ್ಷೆಯ ಮಾತು. ನಾಲ್ಕನೇ ತರಗತಿಯ ಅಂತರರಾಷ್ಟ್ರೀಯ ಟಿಮ್ಸ್ ಪರೀಕ್ಷೆಯ ಗಣಿತ ಭಾಗದಲ್ಲಿ ದತ್ತಾಂಶದ ಪಾಲು 2011ರಲ್ಲಿ ಶೇ. 15 ಇದ್ದದ್ದು 2019ಕ್ಕೆ ಶೇ. 20 ಆಯಿತು. ಆದರೆ ನಕ್ಷೆ ಓದುವ ಪ್ರಶ್ನೆಯನ್ನು ಬರೆಯುವುದು, ತಿದ್ದುವುದು ಸುಲಭ. ತನಿಖೆ ಮಾಡಿದ ಮಗುವಿಗೆ ಅಂಕ ಕೊಡುವುದು ಕಷ್ಟ. ಜಪಾನಿನ ರಾಷ್ಟ್ರೀಯ ಪರೀಕ್ಷೆ ಆರನೇ ತರಗತಿಯ ಮಕ್ಕಳಿಂದ ಕಾರಣವನ್ನು ಮಾತು ಮತ್ತು ಸಂಖ್ಯೆ ಎರಡರಲ್ಲೂ ಬರೆಸುತ್ತದೆ. ಈ ಬಗೆಯ ಪ್ರಶ್ನೆಗಳು ಹೆಚ್ಚಾದರೆ ತರಗತಿಯಲ್ಲಿ ನಕ್ಷೆ ಮುಗಿದ ಮೇಲೂ ಮಾತು ಮುಂದುವರಿಯಲು ಸಮಯ ಸಿಗಬಹುದು.