ಜಮೀನು ಯಾರದ್ದು? ಶೆರಿಫ್ ಯಾರು ಅಂತ ಮೊದಲು ನೋಡಿ

15ನೇ ಶತಮಾನದ ಇಂಗ್ಲೆಂಡಿನ ಯಾವುದೇ ಜಮೀನು ತಕರಾರು ಇರಲಿ, ನಾನು ಮೊದಲು ಹುಡುಕುವುದು ಕ್ರಯಪತ್ರವನ್ನಲ್ಲ. ಆ ವರ್ಷ ಆ ಕೌಂಟಿಯ, ಅಂದರೆ ಜಿಲ್ಲೆಯ, ಶೆರಿಫ್ ಯಾರು ಅಂತ ನೋಡುತ್ತೇನೆ. ಶೆರಿಫ್ ಅಂದರೆ ಅಲ್ಲಿ ರಾಜನ ಪರವಾಗಿ ಕೆಲಸ ಮಾಡುವ ಅಧಿಕಾರಿ. ಕಾಲೇಜಿನಲ್ಲಿ ಈ ಕಾಲದ ಇತಿಹಾಸ ಪಾಠ ಮಾಡುವಾಗಲೂ ಇದನ್ನೇ ಹೇಳಿಕೊಡುತ್ತೇನೆ. ಕಾಗದಪತ್ರವೆಲ್ಲ ಸರಿಯಿದ್ದವರೂ ಆಗ ಜಮೀನು ಕಳೆದುಕೊಂಡಿದ್ದಾರೆ.

ಶೆರಿಫ್‌ನ ಅವಧಿ ಒಂದೇ ವರ್ಷ. ಆದರೆ ಆ ಒಂದು ವರ್ಷ ಎಲ್ಲವೂ ಅವನ ಕೈಯಲ್ಲೇ. ಕೋರ್ಟಿನ ಆದೇಶ ಜಾರಿ ಮಾಡುವವನು ಅವನು. ಜ್ಯೂರಿಯಲ್ಲಿ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಊರಿನವರ ಗುಂಪಿನಲ್ಲಿ, ಯಾರು ಕೂರಬೇಕು ಅಂತ ಪಟ್ಟಿ ಬರೆಯುವವನು ಅವನು. ಪಾರ್ಲಿಮೆಂಟಿಗೆ ಯಾರು ಗೆದ್ದರು ಅಂತ ವರದಿ ಕಳಿಸುವವನೂ ಅವನೇ. ನಾರ್ಫೋಕ್, ಸಫೋಕ್ ಎರಡು ಕೌಂಟಿಗೂ ಸೇರಿ ಒಬ್ಬನೇ ಶೆರಿಫ್ ಇರುತ್ತಿದ್ದ. ಇವನೇನು ಹೊರಗಿಂದ ಬಂದ ಅಧಿಕಾರಿಯಲ್ಲ, ಅಲ್ಲಿಯದೇ ಜಮೀನ್ದಾರ. 1429ರ ಕಾನೂನು ವರ್ಷಕ್ಕೆ 40 ಶಿಲಿಂಗ್ ಆದಾಯದ ಸ್ವಂತ ಜಮೀನು ಇದ್ದವರಿಗೆ ಮಾತ್ರ ಕೌಂಟಿಯಲ್ಲಿ ಮತ ಕೊಟ್ಟಿತು. 1439ರ ಕಾನೂನು ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಕೌಂಟಿಯ ಸ್ಥಳೀಯ ಮ್ಯಾಜಿಸ್ಟ್ರೇಟ್, ಆಗಲು ಜಮೀನಿನಿಂದ 20 ಪೌಂಡ್ ಆದಾಯ ಬೇಕು ಅಂದಿತು. ಜಮೀನಿದ್ದರೆ ಅಧಿಕಾರ, ಅಧಿಕಾರವಿದ್ದರೆ ಜಮೀನು ಉಳಿಯುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಆಗುವುದೇ ಇಲ್ಲ.

ಇದು ಚೆನ್ನಾಗಿ ಕಾಣುವುದು ನಾರ್ಫೋಕ್‌ನ ಪ್ಯಾಸ್ಟನ್ ಮನೆತನದ ಪತ್ರಗಳಲ್ಲಿ. ಮೂಲಪುರುಷ ಕ್ಲೆಮೆಂಟ್ ಸಾಧಾರಣ ರೈತ. ಕಾಳಿನ ಮೂಟೆ ಹಾಕಿಕೊಂಡು, ಜೀನು ಇಲ್ಲದ ಕುದುರೆ ಹತ್ತಿ ಗಿರಣಿಗೆ ಹೋಗುತ್ತಿದ್ದ ಅಂತ ಆ ಮನೆಯ ವಿರೋಧಿಗಳು ಬರೆದಿಟ್ಟಿದ್ದಾರೆ. ಅವಮಾನ ಮಾಡಲು ಬರೆದದ್ದು, ಆದರೆ ನನಗೆ ಅವನ ಮೇಲೆ ಗೌರವವೇ ಹೆಚ್ಚಾಯಿತು. ಸಾಲ ಮಾಡಿ ಮಗನನ್ನು ಓದಿಸಿದವನು ಆತ. ಮಗ ವಿಲಿಯಂ ವಕೀಲನಾಗಿ, 1429ರಲ್ಲಿ ರಾಜನ ಕೋರ್ಟಿನ ನ್ಯಾಯಾಧೀಶನಾದ. ದುಡಿದ ದುಡ್ಡಲ್ಲಿ ಜಮೀನು ಕೊಂಡ. ಗ್ರೆಶಮ್ ಎಸ್ಟೇಟನ್ನು ಕೊಂಡದ್ದು ಕವಿ ಚಾಸರ್‌ನ ಮಗ ಥಾಮಸ್‌ನಿಂದ.

1444ರಲ್ಲಿ ವಿಲಿಯಂ ತೀರಿಕೊಂಡ. 1448ರಲ್ಲಿ ಲಾರ್ಡ್ ಮೋಲಿನ್ಸ್ ಎಂಬ ಪ್ರಭು ಇದು ನಮ್ಮ ಕಡೆಯವರ ಹಳೇ ಆಸ್ತಿ ಅಂತ ಗ್ರೆಶಮ್‌ಗೆ ಜನ ನುಗ್ಗಿಸಿದ. ಅವನ ಬೆನ್ನಿಗೆ ನಿಂತದ್ದು ಜಾನ್ ಹೇಡನ್. ಇವನೂ ಊರಿನ ವಕೀಲ, ಸಫೋಕ್ ಪ್ರಭುವಿನ ಕಡೆಯ ದೊಡ್ಡ ಕೈ. ವಿಲಿಯಂನ ಮಗ ಜಾನ್ ಕೋರ್ಟು ಕಚೇರಿ ಅಂತ ಲಂಡನ್‌ನಲ್ಲಿ. ಊರಿನಲ್ಲಿ ಹೆಂಡತಿ ಮಾರ್ಗರೆಟ್. ಆಕೆ ಗಂಡನಿಗೆ ಬರೆದ ಪತ್ರವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿಸುತ್ತೇನೆ. ಅಡ್ಡಬಿಲ್ಲು ಕಳಿಸಿ, ನಮ್ಮ ಮನೆಗಳ ಮಾಡು ತೀರಾ ತಗ್ಗು, ಒಳಗಿಂದ ಉದ್ದ ಬಿಲ್ಲು ಹೂಡಲು ಆಗುವುದಿಲ್ಲ ಅನ್ನುತ್ತಾಳೆ. ಎದುರಿನವರು ಬಾಗಿಲಿಗೆ ಅಗುಳಿ ಬಿಗಿದು, ಬಾಣ ಬಿಡಲು ಕಿಂಡಿ ಮಾಡಿದ್ದಾರೆ ಅನ್ನುತ್ತಾಳೆ. ಅದೇ ಪತ್ರದಲ್ಲಿ ಒಂದು ಪೌಂಡ್ ಬಾದಾಮಿ, ಒಂದು ಪೌಂಡ್ ಸಕ್ಕರೆ, ಮಕ್ಕಳ ಬಟ್ಟೆಗೆ ಉಣ್ಣೆಬಟ್ಟೆ. ಜಗಳದ ನಡುವೆಯೂ ಸಂಸಾರ ನಡೆಯಬೇಕು ಅಲ್ವಾ?

1450ರ ಜನವರಿ 28ಕ್ಕೆ ಮೋಲಿನ್ಸ್‌ನ ಸಾವಿರ ಜನ ಮುತ್ತಿದರು ಅಂತ ಜಾನ್ ಕೊಟ್ಟ ದೂರಿನಲ್ಲಿದೆ. ದೂರು ಕೊಡುವವರು ಲೆಕ್ಕ ಸ್ವಲ್ಪ ಜಾಸ್ತಿ ಹೇಳುವುದುಂಟು. ಗ್ರೆಶಮ್‌ನ ಮನೆಯೊಳಗೆ ಇದ್ದವರು ಮಾರ್ಗರೆಟ್ ಮತ್ತು ಹನ್ನೆರಡು ಜನ. ಗೋಡೆ ಕೊರೆದು, ಆಕೆಯನ್ನು ಎತ್ತಿ ಹೊರಗೆ ಹಾಕಿದರು. ಕಂಬ ಕಡಿದು ಮನೆ ಬೀಳಿಸಿದರು.

ಮುಂದಿನ ವರ್ಷ ಜಾನ್‌ನ ಕಡೆಯವನೊಬ್ಬ ಶೆರಿಫ್‌ನನ್ನು ಕಂಡು ಮಾತಾಡಿದ. ಶೆರಿಫ್ ನೇರವಾಗಿಯೇ ಹೇಳಿದ: ಮೋಲಿನ್ಸ್ ಬಿಡುಗಡೆಯಾಗುವ ಹಾಗೆ ಜ್ಯೂರಿ ಮಾಡು ಅಂತ ರಾಜನಿಂದಲೇ ಪತ್ರ ಬಂದಿದೆ. ಅಂಥ ಪತ್ರ ಒಂದು ನೋಬಲ್‌ಗೆ, ಅಂದರೆ 6 ಶಿಲಿಂಗ್ 8 ಪೆನ್ಸ್‌ಗೆ, ಸಿಗುತ್ತದೆ ಎಂಬ ಮಾತೂ ಅಲ್ಲಿ ಬಂತು. ನನ್ನ ಮಟ್ಟಿಗೆ ಆ ಮುತ್ತಿಗೆಗಿಂತ ಭಯಂಕರವಾದದ್ದು ಈ ಮಾತು. ಗೋಡೆ ಕೊರೆಯಲು ಮೋಲಿನ್ಸ್‌ಗೆ ಧೈರ್ಯ ಬಂದದ್ದು ಎಲ್ಲಿಂದ ಅಂತ ಇದರಲ್ಲಿ ಗೊತ್ತಾಗುತ್ತದೆ. ಗ್ರೆಶಮ್ 1451ರಲ್ಲಿ ಪ್ಯಾಸ್ಟನ್‌ರಿಗೆ ವಾಪಸ್ಸು ಸಿಕ್ಕಿತು, ಪಾಳುಬಿದ್ದ ಮನೆಯ ಜೊತೆಗೆ.

ಚುನಾವಣೆಗೂ ಇದೇ ಕಥೆ. 1455ರಲ್ಲಿ ನಾರ್ಫೋಕ್‌ನ ಡಚೆಸ್, ಅಂದರೆ ಅಲ್ಲಿನ ದೊಡ್ಡ ಪ್ರಭು ಡ್ಯೂಕ್‌ನ ಹೆಂಡತಿ, ಜಾನ್‌ಗೆ ಪತ್ರ ಬರೆದು ತಮ್ಮ ಕಡೆಯ ಇಬ್ಬರಿಗೆ ಮತ ಹಾಕಲು ಹೇಳಿದಳು. ಅವರಲ್ಲಿ ಒಬ್ಬ ಜಾನ್ ಹೋವರ್ಡ್. 1461ರಲ್ಲಿ ಆ ಹೋವರ್ಡೇ ಶೆರಿಫ್, ಜಾನ್ ಪ್ಯಾಸ್ಟನ್ ಅಭ್ಯರ್ಥಿ. ಹೋವರ್ಡ್‌ನ ಆಳೊಬ್ಬ ಜಾನ್‌ಗೆ ಎರಡು ಸಲ ಕಠಾರಿಯಿಂದ ಇರಿದ. ದಪ್ಪ ಅಂಗಿ ಹಾಕಿದ್ದರಿಂದ ಬದುಕಿದೆ ಅಂತ ಜಾನ್ ಬರೆದಿದ್ದಾನೆ. ಸುಮ್ನೆ ಪ್ರತಿಷ್ಠೆಗಾಗಿ ಯಾರೂ ಇಷ್ಟು ದೂರ ಹೋಗುವುದಿಲ್ಲ. ಪಾರ್ಲಿಮೆಂಟಿನ ಸೀಟು ಅಂದರೆ ರಾಜನ ಹತ್ತಿರ ಸುಳಿಯುವ ದಾರಿ, ಮುಂದಿನ ಶೆರಿಫ್ ಯಾರು ಅನ್ನುವುದರಲ್ಲಿ ಒಂದು ಮಾತು.

ನಾರ್ಫೋಕ್‌ನ ಕೇಸ್ಟರ್ ಕೋಟೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕೋಟೆಯ ಒಡೆಯ ಸರ್ ಜಾನ್ ಫಾಸ್ಟಾಲ್ಫ್ 1459ರಲ್ಲಿ ಸತ್ತಾಗ, ಅವನ ಕೊನೆಯ ಉಯಿಲಿನ ಪ್ರಕಾರ ಕೋಟೆ ತಮಗೆ ಅಂತ ಪ್ಯಾಸ್ಟನ್‌ರು ವಾದಿಸಿದರು. ವರ್ಷಗಟ್ಟಲೆ ಕೇಸು ನಡೆಯಿತು. 1469ರಲ್ಲಿ ನಾರ್ಫೋಕ್‌ನ ಡ್ಯೂಕ್ ಸೈನ್ಯ ತಂದು ಕೋಟೆ ಹಿಡಿದುಕೊಂಡ. ಆಗ ಅವನನ್ನು ತಡೆಯುವ ಶಕ್ತಿ ಕೌಂಟಿಯಲ್ಲಿ ಯಾರಿಗೂ ಇರಲಿಲ್ಲ. 1476ರ ಜನವರಿಯಲ್ಲಿ ಡ್ಯೂಕ್ ಗಂಡು ಮಕ್ಕಳಿಲ್ಲದೆ ಸತ್ತ. ಅದೇ ವರ್ಷ ಕೋಟೆ ಪ್ಯಾಸ್ಟನ್‌ರ ಕೈಗೆ ಬಂತು. ಅವರ ಕಾಗದಪತ್ರ ಮೊದಲು ಇದ್ದದ್ದೇ.