ಕೆಳಗಿನ ಮನೆಯ ಸಿಗರೇಟು ಹೊಗೆ ನಮ್ಮ ಮನೆಗೆ ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೇವೆ. ಕೆಳಗಿನ ಮನೆಯವರು ರಾತ್ರಿ ಸಿಗರೇಟು ಸೇದುತ್ತಾರೆ. ವಾಸನೆ ಮೊದಲು ನಮ್ಮ ಬಚ್ಚಲಿಗೆ, ಆಮೇಲೆ ಮಲಗುವ ಕೋಣೆಗೆ ಬರುತ್ತದೆ. ಕಿಟಕಿಗಳನ್ನೆಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಹೋಗುವುದಿಲ್ಲ. ಕೆಲವೊಮ್ಮೆ ಫ್ಯಾನ್ ಹಾಕಿದ ಮೇಲೇ ಜಾಸ್ತಿಯಾದಂತೆ ಅನ್ನಿಸುತ್ತದೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಜಗಳ ಮಾಡಿಕೊಳ್ಳದೆ ಇದನ್ನು ಸರಿಪಡಿಸಬಹುದೇ?

ಉತ್ತರ: ಫ್ಯಾನ್ ಹಾಕಿದ ಮೇಲೇ ಜಾಸ್ತಿಯಾಗುತ್ತದೆ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮಗೆ ಅನ್ನಿಸಿದ್ದು ನಿಜ. ನಾನೂ ಇಂಥದ್ದೇ ಬಾಡಿಗೆ ಮನೆಯಲ್ಲಿದ್ದೆ, ಅದೇ ತಪ್ಪನ್ನು ತಿಂಗಳುಗಟ್ಟಲೆ ಮಾಡಿದೆ. ವಾಸನೆ ಬಂದ ಕೂಡಲೇ ಕಿಟಕಿ ಮುಚ್ಚಿ ಫ್ಯಾನ್ ಹಾಕುತ್ತಿದ್ದೆ. ಎಕ್ಸಾಸ್ಟ್ ಫ್ಯಾನ್ ಮನೆಯೊಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಹೋದಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿದ್ದರೆ ಅದು ಬರುವುದು ಗೋಡೆಯ ಸಂದಿನಿಂದ, ಪೈಪಿನ ಸುತ್ತಲಿನ ತೂತಿನಿಂದ, ಬಾಗಿಲಿನ ಅಡಿಯಿಂದ. ಎಂದರೆ ಪಕ್ಕದವರ ಮನೆಯ ಗಾಳಿಯನ್ನು ನಾವೇ ಎಳೆದುಕೊಳ್ಳುತ್ತಿರುತ್ತೇವೆ.

ಹಾಗಾಗಿ ಇವತ್ತೇ ಮಾಡಬಹುದಾದ ಕೆಲಸ ಇದು: ಫ್ಯಾನ್ ಹಾಕುವಾಗ ಹೊಗೆ ಬರುವ ಕಡೆಯದ್ದು ಬಿಟ್ಟು ಬೇರೆ ದಿಕ್ಕಿನ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಸಂದುಗಳಿಂದ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ.

ಇನ್ನು ಹೊಗೆ ಬರುವ ದಾರಿಯನ್ನು ಹುಡುಕಬೇಕು. ಇದಕ್ಕೆ ಯಂತ್ರ ಬೇಡ. ತೆಳುವಾದ ಟಿಶ್ಯೂ ಕಾಗದದಿಂದ ಬೆರಳಗಲದ, ಗೇಣುದ್ದದ ಒಂದು ಪಟ್ಟಿ ಹರಿದುಕೊಳ್ಳಿ. ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಸೀಲಿಂಗ್ ಫ್ಯಾನ್ ಆರಿಸಿ, ಆ ಪಟ್ಟಿಯನ್ನು ಅನುಮಾನವಿರುವ ಜಾಗಗಳಿಗೆಲ್ಲ ಹಿಡಿಯುತ್ತಾ ಹೋಗಿ. ನಮ್ಮ ಮನೆಯಲ್ಲಿ ಸ್ವಿಚ್ ಬೋರ್ಡಿನ ಹತ್ತಿರ ಕಾಗದ ಅಲುಗಲಿಲ್ಲ, ಮುಂಬಾಗಿಲ ಬಳಿ ಸ್ವಲ್ಪ ಅಲುಗಿತು. ಸಿಂಕಿನ ಕೆಳಗಿನ ಕಪಾಟು ತೆಗೆದು ಪೈಪಿನ ಹತ್ತಿರ ಹಿಡಿದಾಗ ಪಟ್ಟಿ ನನ್ನ ಕಡೆಗೆ ಎದ್ದು ಪಟಪಟ ಬಡಿದುಕೊಳ್ಳತೊಡಗಿತು. ಪೈಪಿಗೆ ಒಂದು ಉಕ್ಕಿನ ಬಿಲ್ಲೆ ಹಾಕಿದ್ದರು. ಅದನ್ನು ಹಿಂದಕ್ಕೆ ಸರಿಸಿದರೆ ಗೋಡೆಯಲ್ಲಿ ಮುಷ್ಟಿ ಹೋಗುವಷ್ಟು ತೂತು. ಬಿಲ್ಲೆಯ ಒಳಬದಿ ಹಳದಿ ತಿರುಗಿತ್ತು. ಬಗ್ಗಿ ಮೂಸಿದಾಗ ಹಳೇ ಸಿಗರೇಟಿನ ಘಾಟು ಮುಖಕ್ಕೇ ಬಡಿಯಿತು.

ಆಮೇಲೆ ಎಕ್ಸಾಸ್ಟ್ ಫ್ಯಾನನ್ನು ಆರಿಸಿ, ಅದರ ಜಾಲರಿಗೇ ಕಾಗದ ಹಿಡಿದು ನೋಡಿ. ಕಾಗದ ಕೋಣೆಯೊಳಕ್ಕೆ ಹಾರಿದರೆ ಹೊಗೆ ಬರುತ್ತಿರುವುದು ಫ್ಯಾನಿನ ದಾರಿಯಿಂದಲೇ. ಎಷ್ಟೋ ಕಟ್ಟಡಗಳಲ್ಲಿ ಒಂದರ ಮೇಲೊಂದಿರುವ ಬಚ್ಚಲುಗಳ ಫ್ಯಾನುಗಳೆಲ್ಲ ಒಂದೇ ಡಕ್ಟಿಗೆ, ಅಂದರೆ ಗಾಳಿ ಹೋಗುವ ಕೊಳವೆಗೆ, ಗಾಳಿ ಬಿಡುತ್ತವೆ. ಕೆಳಗಿನವರ ಫ್ಯಾನ್ ಓಡುತ್ತಿದ್ದು ನಿಮ್ಮದು ನಿಂತಿದ್ದರೆ, ಅವರು ತಳ್ಳಿದ ಹೊಗೆ ನಿಮ್ಮ ಬಚ್ಚಲಿಗೆ ನುಗ್ಗುತ್ತದೆ. ಇದಕ್ಕೆ ಒಂದೇ ದಿಕ್ಕಿಗೆ ತೆರೆದುಕೊಳ್ಳುವ ಮುಚ್ಚಳವಿರುವ ಫ್ಯಾನ್ ಬೇಕು. ಫ್ಯಾನ್ ನಿಂತ ಕೂಡಲೇ ಆ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಈ ಕೆಲಸ ಮನೆ ಮಾಲೀಕರದ್ದು.

ಮರೆತುಹೋಗುವ ಜಾಗ ಇನ್ನೊಂದಿದೆ, ಬಳಸದ ಬಚ್ಚಲಿನ ನೆಲದ ಜಾಲರಿ. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತಿದ್ದರೆ ಮಾತ್ರ ಕೊಳವೆಯ ಗಾಳಿ ಮೇಲೆ ಬರುವುದಿಲ್ಲ. ನೀರು ಒಣಗಿದ್ದರೆ ಒಂದು ಚೊಂಬು ಹೊಯ್ಯಿರಿ, ಸಾಕು.

ಕೆಲವು ತಿಂಗಳು ಹೊಗೆಯೇ ಇಲ್ಲದೆ ಮತ್ತೆ ಶುರುವಾಗುವುದಕ್ಕೂ ಕಾರಣವಿದೆ. ಹೊರಗೆ ಚಳಿ, ಒಳಗೆ ಬೆಚ್ಚಗಿದ್ದಾಗ ಬಿಸಿ ಗಾಳಿ ಕಟ್ಟಡದೊಳಗೆ ಮೇಲಕ್ಕೆ ಏರುತ್ತದೆ. ಲಿಫ್ಟ್ ಓಡಾಡುವ ಜಾಗ, ಮೆಟ್ಟಿಲು, ಪೈಪು ಹಾದುಹೋಗುವ ಸಂದು ಎಲ್ಲವೂ ಚಿಮಣಿಯಂತಾಗಿ ಕೆಳಗಿನ ಹೊಗೆ ಮೇಲಿನವರ ಪಾಲಾಗುತ್ತದೆ. ಹೊರಗೆ ಸೆಕೆಯಿದ್ದು ಒಳಗೆ ಎಸಿ ತಂಪಿದ್ದರೆ ಇದು ತಿರುವುಮುರುವಾಗಿ ಮೇಲಿನ ಮನೆಯದ್ದು ಕೆಳಗಿಳಿಯಬಹುದು. ಆದ್ದರಿಂದ ಸೇದುವವರು ಇಂಥವರೇ ಎಂದು ಬೆರಳು ತೋರಿಸುವ ಮೊದಲು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಪಾಪ, ಸೇದದವರ ಬಾಗಿಲು ಬಡಿದು ಬಂದವರನ್ನು ನಾನು ಬಲ್ಲೆ.

ದಾರಿ ಸಿಕ್ಕಿದ ಮೇಲೆ ಮುಚ್ಚುವುದು ಕಷ್ಟವಲ್ಲ. ಪೈಪಿನ ಸುತ್ತ ಸಿಲಿಕೋನ್, ದೊಡ್ಡ ತೂತಿಗೆ ಪುಟ್ಟಿ ಅಥವಾ ಸಿಮೆಂಟು, ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ. ಬಾಡಿಗೆ ಮನೆಯಾದ್ದರಿಂದ ತೆಗೆದರೆ ಗುರುತು ಉಳಿಯದ್ದನ್ನು ನೀವೇ ಮಾಡಿಕೊಳ್ಳಿ, ಉಳಿದದ್ದಕ್ಕೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸ್ವಿಚ್ ಬೋರ್ಡಿನ ಒಳಗಿನ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಗೀಸರ್ ಅಥವಾ ಒಲೆ ಗ್ಯಾಸಿನದ್ದಾಗಿದ್ದರೆ ಅದಕ್ಕೆಂದು ಬಿಟ್ಟಿರುವ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಅದು ಜೀವಕ್ಕೇ ಅಪಾಯ.

ಏರ್ ಪ್ಯೂರಿಫೈಯರ್ ಕೊಳ್ಳಬೇಕೇ ಎಂದು ಬಹಳ ಜನ ಕೇಳುತ್ತಾರೆ. ತೂತು ಮುಚ್ಚಿದ ಮೇಲೆ, ಮಗು ಮಲಗುವ ಕೋಣೆಗೆ ಒಂದು ಇರಲಿ ಎನ್ನುತ್ತೇನೆ. ಹೆಪಾ ಎಂಬ ಬಗೆಯ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣಗಳಲ್ಲಿ 99.97 ಶೇಕಡಾವನ್ನು ಹಿಡಿಯಬಲ್ಲದು, ಹೊಗೆಯ ಕಣಗಳಿಗೆ ಅದು ಸಾಕು. ಆದರೆ ವಾಸನೆ ಅನಿಲರೂಪದಲ್ಲಿರುತ್ತದೆ, ಹೆಪಾಗೆ ಸಿಗುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲು ಬೇಕು, ಅದೂ ದಪ್ಪನಾಗಿ ತುಂಬಿರಬೇಕು. ಕಪ್ಪು ಬಟ್ಟೆಯಂಥ ತೆಳು ಹಾಳೆ ಬೇಗ ತುಂಬಿ ನಿಷ್ಪ್ರಯೋಜಕವಾಗುತ್ತದೆ. ಓಝೋನ್ ಬಿಡುವ ಯಂತ್ರಗಳನ್ನು ಮಾತ್ರ ಮನೆಗೆ ತರಬೇಡಿ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ಪರಿಮಳದ ಸ್ಪ್ರೇ ಹೊಗೆಯನ್ನು ತೆಗೆಯುವುದಿಲ್ಲ, ಮೂಗನ್ನು ಮರೆಸುತ್ತದೆ ಅಷ್ಟೇ.

ಹೊಗೆ ನಿಂತ ಮೇಲೂ ಕೆಲವು ದಿನ ವಾಸನೆ ಉಳಿದರೆ ಗಾಬರಿಯಾಗಬೇಡಿ. ನಿಕೋಟಿನ್ ಪರದೆ, ಹಾಸಿಗೆ, ಗೋಡೆಯ ಬಣ್ಣಕ್ಕೆ ಅಂಟಿಕೊಂಡು ನಿಧಾನವಾಗಿ ಗಾಳಿಗೆ ಮರಳುತ್ತದೆ. ಪರದೆ ಒಗೆಯಿರಿ, ಗೋಡೆ ನೆಲವನ್ನು ಸೋಪುನೀರಿನಿಂದ ಒರೆಸಿ. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ.

ಇಷ್ಟೆಲ್ಲ ಯಾಕೆ, ಬರೀ ವಾಸನೆ ತಾನೇ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಸೇದದವರು ಉಸಿರಾಡುವ ಹೊಗೆಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ, 2006ರ ವರದಿಯಲ್ಲೇ ಹೇಳಿದ್ದಾರೆ. ಸಣ್ಣ ಮಕ್ಕಳಿಗೆ ಇದರಿಂದ ಕಿವಿ ಸೋಂಕು, ಕೆಮ್ಮು, ಆಸ್ತಮಾ ಹೆಚ್ಚುತ್ತದೆ. ಮಗುವಿಗೆ ರಾತ್ರಿ ಕೆಮ್ಮು, ಉಬ್ಬಸ ಬರುತ್ತಿದ್ದರೆ ಡಾಕ್ಟರಿಗೆ ಹೊಗೆಯ ವಿಷಯವನ್ನೂ ತಪ್ಪದೆ ಹೇಳಿ.

ಈಗ ಕೆಳಗಿನ ಮನೆಯವರ ವಿಷಯ. ತಮ್ಮ ಹೊಗೆ ಮೇಲಿನ ಮನೆಗೆ ಹೋಗುತ್ತಿದೆ ಎಂದು ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ವಾಸನೆ ಬಂದ ಕ್ಷಣದಲ್ಲಿ ಸಿಟ್ಟು ನೆತ್ತಿಗೇರಿರುತ್ತದೆ, ಆಗ ಹೋಗಬೇಡಿ. ಮರುದಿನ ಹಗಲು ಹೋಗಿ, "ಸರ್, ಒಂದು ಸಹಾಯ ಬೇಕಿತ್ತು. ರಾತ್ರಿ ನಿಮ್ಮ ಬಚ್ಚಲಿನ ಕಡೆಯಿಂದ ಹೊಗೆ ನಮ್ಮ ಮಗು ಮಲಗುವ ಕೋಣೆಗೆ ಬರ್ತಾ ಇದೆ. ಪೈಪಿನ ಸಂದಿನಿಂದ ಅಂತ ಕಾಣುತ್ತೆ. ನಮ್ಮ ಕಡೆ ಮುಚ್ಚಿಸ್ತಾ ಇದ್ದೀವಿ. ಅಲ್ಲೀತನಕ ಬಚ್ಚಲು ಬಿಟ್ಟು ಬೇರೆ ಕಡೆ ಸೇದೋಕೆ ಆಗುತ್ತಾ?" ಎಂದು ಕೇಳಿ. ಬಿಟ್ಟುಬಿಡಿ ಎಂದು ಉಪದೇಶ ಮಾಡಬೇಡಿ. ಅದು ಚಟ, ಎಷ್ಟೋ ಜನ ಬಿಡಲು ಹೋಗಿ ಸೋತಿರುತ್ತಾರೆ. ನಮ್ಮ ಕೆಳಗಿನ ಮನೆಯವರು ನಾನು ಕೇಳಿದ ವಾರದಲ್ಲೇ ತಮ್ಮ ಕಡೆಯ ತೂತನ್ನೂ ಮುಚ್ಚಿಸಿದರು. ಬಾಲ್ಕನಿಗೆ ಹೋಗಿ ಎಂದು ಮಾತ್ರ ನೀವಾಗಿ ಸೂಚಿಸಬೇಡಿ, ಹೊಗೆ ನೇರ ನಿಮ್ಮ ಕಿಟಕಿಗೇ ಏರಬಹುದು.

ಮಾತಿಗೆ ಬಗ್ಗದಿದ್ದರೆ ಮಾಲೀಕರಿಗೂ ಅಪಾರ್ಟ್‌ಮೆಂಟಿನ ಸಂಘಕ್ಕೂ ಬರೆಯಿರಿ. "ಯಾವಾಗಲೂ ವಾಸನೆ" ಎಂದು ಬರೆದರೆ ಯಾರೂ ಕದಲುವುದಿಲ್ಲ. ಎರಡು ವಾರ ದಿನಾಂಕ, ಗಂಟೆ, ಯಾವ ಕೋಣೆ, ಎಷ್ಟು ಹೊತ್ತು ಎಂದು ಗುರುತು ಹಾಕಿಕೊಂಡು, ತೂತಿನ ಫೋಟೋ ಸೇರಿಸಿ, ಇಂಥ ಪೈಪಿನ ಸುತ್ತ ಮುಚ್ಚಿಸಿಕೊಡಿ, ಇಂಥ ಫ್ಯಾನ್ ಬದಲಾಯಿಸಿಕೊಡಿ ಎಂದು ಕೇಳಿ. ರಿಪೇರಿಯ ಮಾತಾದರೆ ಮಾಲೀಕರು ಬೇಗ ಒಪ್ಪುತ್ತಾರೆ, ಇಬ್ಬರ ಜಗಳ ಬಿಡಿಸುವ ಮಾತಾದರೆ ಹಿಂದೆ ಸರಿಯುತ್ತಾರೆ. ಲಿಫ್ಟ್, ಮೆಟ್ಟಿಲಿನಂಥ ಎಲ್ಲರ ಜಾಗದಲ್ಲಿ ಸೇದುವುದನ್ನು ಅನೇಕ ದೇಶಗಳ ಕಾನೂನು ತಡೆಯುತ್ತದೆ. ಮನೆಯೊಳಗಿನ ಸೇದುವಿಕೆಯನ್ನು ಬಹುಪಾಲು ಕಾನೂನುಗಳು ಮುಟ್ಟುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಬಾಡಿಗೆ ಕರಾರು ಮತ್ತು ಸಂಘದ ನಿಯಮ. ಎರಡನ್ನೂ ತೆಗೆದು ಸಾಲು ಸಾಲಾಗಿ ಓದಿ.

ಇಷ್ಟಾದರೂ ಹೊಗೆ ನಿಲ್ಲದಿದ್ದರೆ, ಮಗುವಿನ ಉಸಿರಿಗೆ ತೊಂದರೆ ಎಂದಾದರೆ, ಮನೆ ಬದಲಾಯಿಸುವುದು ಸೋಲಲ್ಲ. ಅವಧಿಗೆ ಮೊದಲು ಬಿಡಲು ಕರಾರಿನಲ್ಲಿ ಏನಿದೆ ಎಂದು ನೋಡಿ, ನಿಮ್ಮ ಪತ್ರಗಳ ಪ್ರತಿ ಇಟ್ಟುಕೊಂಡು ಮಾಲೀಕರ ಜೊತೆ ಮಾತಾಡಿ. ಹೊಸ ಮನೆಯನ್ನು ಹಗಲು ಒಮ್ಮೆ, ರಾತ್ರಿ ಊಟದ ಹೊತ್ತು ಕಳೆದ ಮೇಲೆ ಇನ್ನೊಮ್ಮೆ ನೋಡಿ. ಬಚ್ಚಲಿನ ಬಾಗಿಲು ಹಾಕಿಕೊಂಡು ಐದು ನಿಮಿಷ ನಿಲ್ಲಿ, ಸಿಂಕಿನ ಕೆಳಗಿನ ಕಪಾಟು ತೆಗೆದು ಮೂಸಿ, ಟಿಶ್ಯೂ ಕಾಗದ ಜೇಬಿನಲ್ಲಿರಲಿ.